ಹೊಸ ಕರ್ನಲ್ ಬಂತು, ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟಿತು

ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) ಅಪ್‌ಗ್ರೇಡ್ ಆಯಿತು, ರೀಬೂಟ್ ಮಾಡಿದಿರಿ. ನೋಡಿದರೆ ಅಕ್ಷರಗಳು ದಪ್ಪದಪ್ಪ, ಎರಡನೇ ಮಾನಿಟರ್ ನಾಪತ್ತೆ, ವಿಡಿಯೊ ಹಾಕಿದರೆ ಫ್ಯಾನ್ ಬೊಬ್ಬೆ. ಇಷ್ಟಕ್ಕೇ ಇಡೀ ಸಿಸ್ಟಮ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಅಷ್ಟೆಲ್ಲ ಬೇಡ. ನಿಮ್ಮದು ಎನ್‌ವಿಡಿಯಾ ಕಾರ್ಡ್ ಆದರೆ, ಸಾಮಾನ್ಯವಾಗಿ ಅದರ ಮಾಡ್ಯೂಲ್ (ಕರ್ನಲ್‌ಗೆ ಜೋಡಿಸುವ ಡ್ರೈವರ್) ಇರುವುದು ಹಳೆಯ ಕರ್ನಲ್‌ಗೆ ಮಾತ್ರ, ಹೊಸದಕ್ಕೆ ಬಿಲ್ಡ್ ಆಗಿಲ್ಲ, ಅಂದರೆ ಕೋಡ್‌ನಿಂದ ತಯಾರಾಗಿಲ್ಲ. ಹಾಗಾಗಿ ಸಿಸ್ಟಮ್ ಕರ್ನಲ್‌ನಲ್ಲೇ ಇರುವ ನೂವೋ ಡ್ರೈವರ್‌ಗೋ, ಸಿಪಿಯುನಿಂದಲೇ ಚಿತ್ರ ಬಿಡಿಸುವ ಎಲ್‌ಎಲ್‌ವಿಎಂಪೈಪ್‌ಗೋ ಇಳಿದಿದೆ. ಎಎಂಡಿ, ಇಂಟೆಲ್ ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುವುದರಿಂದ ಆ ಕಾರ್ಡ್ ಇರುವವರಿಗೆ ಈ ಕಾಟ ಕಡಿಮೆ.

ಮೊದಲು ಬೂಟ್ ಆಗುವಾಗ ಕರ್ನಲ್ ಆರಿಸುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಿಂದ ಹಳೆಯ ಕರ್ನಲ್ ಬೂಟ್ ಮಾಡಿ. ಸ್ಕ್ರೀನ್ ಸರಿ ಬಂದರೆ ಕಾರ್ಡ್ ಕೆಟ್ಟಿಲ್ಲ. ಕೆಲವರು ನೋಮೋಡ್‌ಸೆಟ್ (ಗ್ರಾಫಿಕ್ಸ್ ಡ್ರೈವರ್ ಸ್ಕ್ರೀನ್ ಹೊಂದಿಸದಂತೆ ತಡೆಯುವ ಬೂಟ್ ಆಯ್ಕೆ) ಸೇರಿಸಿ ಮರೆತೇಬಿಡುತ್ತಾರೆ. ಸ್ಕ್ರೀನ್ ಪೂರ್ತಿ ಕಪ್ಪಾದಾಗ ಒಳಗೆ ಹೋಗೋಕೆ ಸರಿ, ಆಮೇಲೆ ತೆಗೆದುಬಿಡಿ.

ಈಗ ಹೊಸ ಕರ್ನಲ್‌ಗೆ ಬಂದು ಟರ್ಮಿನಲ್‌ನಲ್ಲಿ ಡಿಕೆಎಂಎಸ್ (ಪ್ರತಿ ಕರ್ನಲ್‌ಗೂ ಮಾಡ್ಯೂಲ್ ಬಿಲ್ಡ್ ಮಾಡುವ ಟೂಲ್) ಸ್ಟೇಟಸ್ ನೋಡಿ. ಹಳೆಯ ಕರ್ನಲ್ ಮುಂದೆ ಮಾತ್ರ 'ಇನ್‌ಸ್ಟಾಲ್ಡ್' ಅಂತಿದೆಯಾ? ಜಾಸ್ತಿ ಸಲ ಬಿಲ್ಡ್‌ಗೆ ಬೇಕಾದ, ಹೊಸ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ ಇರುವುದಿಲ್ಲ. ಅದನ್ನು ಹಾಕಿ, ಡಿಕೆಎಂಎಸ್ ಆಟೋಇನ್‌ಸ್ಟಾಲ್ ಓಡಿಸಿ.

ಬಿಲ್ಡ್ ಆದರೂ ಕೆಲವೊಮ್ಮೆ ಲೋಡ್ ಆಗುವುದಿಲ್ಲ, ಎಲ್ಲರೂ ಮುಗ್ಗರಿಸುವುದು ಇಲ್ಲೇ. ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಕೊಟ್ಟಾಗ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅಂದರೆ ಅಡ್ಡ ನಿಂತಿರುವುದು ಸೆಕ್ಯೂರ್ ಬೂಟ್, ನಂಬಿಕೆಯ ಸಹಿ ಇರುವುದನ್ನು ಮಾತ್ರ ಒಳಗೆ ಬಿಡುವ ಕಾವಲು. ಮಾಡ್ಯೂಲ್‌ಗೆ ಸಹಿ ಹಾಕಿದ ಕೀಯನ್ನು ಯಂತ್ರ ನಂಬುತ್ತಿಲ್ಲ. ಯಂತ್ರ ನಂಬುವ ಕೀಗಳ (ಮಾಕ್) ಪಟ್ಟಿಗೆ ಸೇರಿಸಲು ಮಾಕ್‌ಯುಟಿಲ್ ಇಂಪೋರ್ಟ್‌ಗೆ ಆ ಕೀ ಫೈಲ್ ಕೊಡಿ. ಡೆಬಿಯನ್‌ನಲ್ಲಿ ಅದು ಡಿಕೆಎಂಎಸ್ ಫೋಲ್ಡರ್‌ನ ಮಾಕ್ ಡಾಟ್ ಪಬ್. ಪಾಸ್‌ವರ್ಡ್ ಕೇಳುತ್ತದೆ, ಬರೀ ಅಂಕಿಗಳನ್ನೇ ಕೊಡಿ. ರೀಬೂಟ್ ಆದಾಗ ಬರುವ ನೀಲಿ ಸ್ಕ್ರೀನ್‌ನಲ್ಲಿ ಕೀಬೋರ್ಡ್ ಅಮೆರಿಕನ್ ಲೇಔಟ್‌ನಲ್ಲಿರುತ್ತದೆ, ವಿಶೇಷ ಚಿಹ್ನೆ ಹಾಕಿದವರು ಸಿಕ್ಕಿಬೀಳುತ್ತಾರೆ. ಈ ಪಾಸ್‌ವರ್ಡ್ ಬೇಕಾಗುವುದು ಒಂದೇ ಸಲ. ರೀಬೂಟ್ ಮಾಡಿ, ಎದ್ದು ಹೋಗಬೇಡಿ. ನೀಲಿ ಸ್ಕ್ರೀನ್ ಸುಮಾರು 10 ಸೆಕೆಂಡ್ ಮಾತ್ರ ಕಾಯುತ್ತದೆ. ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಮಾಕ್', 'ಕಂಟಿನ್ಯೂ', 'ಯೆಸ್', ಪಾಸ್‌ವರ್ಡ್, ಕೊನೆಗೆ 'ರೀಬೂಟ್'. ತಪ್ಪಿಹೋದರೆ ಇಂಪೋರ್ಟ್ ಮತ್ತೆ ಮಾಡಬೇಕು. ಸೆಕ್ಯೂರ್ ಬೂಟ್ ಆಫ್ ಮಾಡಿ ಅನ್ನುವವರೂ ಇದ್ದಾರೆ, ಅಲ್ವಾ? ಐದು ನಿಮಿಷದ ಸೋಮಾರಿತನಕ್ಕೆ ಅದು ಬೇಡ.

ಈಗ ಯಾವ ಡ್ರೈವರ್ ಓಡುತ್ತಿದೆ ಅಂತ ಎಲ್‌ಎಸ್‌ಪಿಸಿಐ ಮೈನಸ್ ಕೆ ಕೊಟ್ಟು ನೋಡಿ. ಕಾರ್ಡ್ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಮುಂದೆ ಎನ್‌ವಿಡಿಯಾ ಬಂದರೆ ಆಯಿತು.

ಬಿಲ್ಡೇ ಆಗದಿದ್ದರೆ ಡಿಕೆಎಂಎಸ್ ಬರೆದಿಡುವ ಮೇಕ್ ಡಾಟ್ ಲಾಗ್ ತೆರೆಯಿರಿ. ಸಿ ಕೋಡ್‌ನಲ್ಲೇ ಎರರ್ ಇದ್ದರೆ ನಿಮ್ಮ ಡ್ರೈವರ್‌ಗೆ ಈ ಕರ್ನಲ್ ತೀರಾ ಹೊಸದು. ತಯಾರಕರ ಸೈಟಿನ ರನ್ ಫೈಲ್ (ನೇರ ಇನ್‌ಸ್ಟಾಲರ್) ತಂದು ಸುಮ್ನೆ ಮೇಲೆ ಹೇರಬೇಡಿ, ಪ್ಯಾಕೇಜ್ ಮ್ಯಾನೇಜರ್‌ಗೆ ಅದರ ಲೆಕ್ಕವೇ ಇರುವುದಿಲ್ಲ. ಡಿಸ್ಟ್ರೋ ಹೊಸ ಡ್ರೈವರ್ ಕೊಡುವ ತನಕ ಹಳೆಯ ಕರ್ನಲ್‌ನಲ್ಲೇ ಇರಿ, ಬೇಡದ ಪ್ಯಾಕೇಜ್ ತೆಗೆಯುವ ಆಟೋರಿಮೂವ್ ಕೊಟ್ಟು ಅದನ್ನು ಅಳಿಸಬೇಡಿ.