ಸೀಗಡಿ ತೊಟ್ಟಿ: ಆರು ವಾರ ಕೆಲಸ, ಆಮೇಲೆ ಕೈಕಟ್ಟಿ ಕೂರುವುದು

ಮೀನು ಸಾಕಿ ಪಳಗಿದವರೇ ಸೀಗಡಿಯಲ್ಲಿ ಹೆಚ್ಚು ಎಡವುತ್ತಾರೆ. ವಾರಕ್ಕೊಮ್ಮೆ ಅರ್ಧ ತೊಟ್ಟಿ ನೀರು ಬದಲು, ದಿನಕ್ಕೆರಡು ಹೊತ್ತು ಊಟ, ಸ್ವಲ್ಪ ಮಂಕಾದರೆ ನೀಲಿ ಔಷಧಿ ನಾಲ್ಕು ಹನಿ. ಮೀನಿಗೆ ಸಲ್ಲುವ ಈ ಉಪಚಾರವೆಲ್ಲ ಸೀಗಡಿಯ ಪ್ರಾಣ ತೆಗೆಯುತ್ತದೆ. ಸೀಗಡಿಗೆ ಬೇಕಾದದ್ದು ಹಳತಾದ ನೀರು, ಸ್ವಲ್ಪ ಪಾಚಿ ಹಿಡಿದ ಗಾಜು, ಪದೇಪದೇ ಒಳಗೆ ಕೈ ಹಾಕದ ಯಜಮಾನ. ಶ್ರಮವೆಲ್ಲ ಮೊದಲೇ ಮುಗಿಸಿಕೊಳ್ಳಬೇಕು.

ಇಲ್ಲಿ ಹೇಳುವುದು ಚೆರ್ರಿ ಸೀಗಡಿಗೆ, ಅಂದರೆ ನಿಯೊಕ್ಯಾರಿಡಿನಾ ಡೇವಿಡಿಗೆ. ತೈವಾನ್, ಪೂರ್ವ ಚೀನಾ ಕಡೆಯ ತೊರೆಗಳ ಜೀವಿ, ಬೆಳೆದರೆ ಎರಡೂವರೆಯಿಂದ ಮೂರು ಸೆಂಟಿಮೀಟರ್, ಆಯಸ್ಸು ಒಂದರಿಂದ ಎರಡು ವರ್ಷ. ಅಂಗಡಿಯಲ್ಲಿ ಕೆಂಪು, ಹಳದಿ, ನೀಲಿ ಎಲ್ಲ ಸಿಗುತ್ತವೆ. ಎಲ್ಲವೂ ಒಂದೇ ಜಾತಿ, ಬೆರೆಸಿ ಬಿಟ್ಟರೆ ಕೆಲವು ತಲೆಮಾರಿನಲ್ಲಿ ಮಕ್ಕಳು ಕಾಡು ಮೂಲದ ಮಾಸಲು ಕಂದು ಬಣ್ಣಕ್ಕೆ ಮರಳುತ್ತವೆ. ಹಾಗಾಗಿ ಒಂದು ತೊಟ್ಟಿಗೆ ಒಂದೇ ಬಣ್ಣ. ಕಪ್ಪು ಬಿಳಿ ಪಟ್ಟೆಯ ಕ್ರಿಸ್ಟಲ್ ಸೀಗಡಿ ಬೇರೆ ಜಾತಿ. ಅದಕ್ಕೆ ಆಮ್ಲೀಯ ಮೆದು ನೀರು, ತಂಪು ಎಲ್ಲ ಬೇಕು, ಮೊದಲ ತೊಟ್ಟಿಗೆ ಅದರ ಸಹವಾಸ ಬೇಡ.

ತೊಟ್ಟಿ ಮತ್ತು ಗಾಳಿ

ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಸಾಕು. 5 ಮಿಲಿಮೀಟರ್ ಗಾಜು. ಲೆಕ್ಕಕ್ಕೆ 40 ಲೀಟರ್, ಮರಳು ಹಾಕಿ ಮೇಲೆ ಎರಡು ಬೆರಳು ಬಿಟ್ಟರೆ 30 ಲೀಟರ್ ನೀರು. ಮೇಜಿನ ಮೇಲಿನ ಐದು ಲೀಟರ್ ಗಾಜಿನ ಬುರುಡೆ ನೋಡಲು ಚೆಂದ, ಆದರೆ ಅದರಲ್ಲಿ ಒಂದು ಚಿಟಿಕೆ ಆಹಾರ ಹೆಚ್ಚಾದರೂ ನೀರು ಕೆಡುತ್ತದೆ, ಮಧ್ಯಾಹ್ನಕ್ಕೂ ರಾತ್ರಿಗೂ ಉಷ್ಣಾಂಶ ಜಿಗಿದಾಡುತ್ತದೆ. ತುಂಬಿದ ತೊಟ್ಟಿ ಹತ್ತಿರತ್ತಿರ 50 ಕಿಲೋ ತೂಗುತ್ತದೆ. ಗಟ್ಟಿ ಸ್ಟ್ಯಾಂಡ್, ಅದರ ಮೇಲೆ ಅರ್ಧ ಇಂಚು ಥರ್ಮಾಕೋಲ್ ಹಾಳೆ. ಕಿಟಕಿಯ ನೇರ ಬಿಸಿಲು ಬೀಳಬಾರದು.

ಫಿಲ್ಟರ್‌ಗೆ ಸ್ಪಂಜ್ ಫಿಲ್ಟರೇ ಆಗಬೇಕು, ಜೊತೆಗೊಂದು ಸಣ್ಣ ಏರ್ ಪಂಪ್. ತೊಟ್ಟಿಯ ಅಂಚಿಗೆ ನೇತುಹಾಕುವ ಮೋಟಾರ್ ಫಿಲ್ಟರ್‌ಗಳು ಎರಡು ಮಿಲಿಮೀಟರ್‌ನ ಮರಿಗಳನ್ನು ಹೀರಿ ಅರೆಯುತ್ತವೆ. ಸ್ಪಂಜ್ ಮೇಲಾದರೋ ಮರಿಗಳು ಕೂತು ಮೇಯುತ್ತವೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಕೊಳವೆಗೆ ಹತ್ತು ಇಪ್ಪತ್ತು ರೂಪಾಯಿಯ ಚೆಕ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪ್ ಸುಟ್ಟು ನೆಲವೂ ಒದ್ದೆಯಾಗುವುದು ಇದೊಂದನ್ನು ಮರೆತದ್ದಕ್ಕೇ.

ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದನ್ನು ನೆನಪಿಡಿ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಲಿಕ್ವಿಡ್, ಜಿರಳೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ನಮಗೆ ಅಷ್ಟೇನೂ ತಟ್ಟುವುದಿಲ್ಲ, ಮೀನಿಗೆ ಕೆಟ್ಟದ್ದು, ಸೀಗಡಿಗಂತೂ ನೇರ ವಿಷ. ಕೀಟಕ್ಕೂ ಸೀಗಡಿಗೂ ನಂಟು ಹತ್ತಿರದ್ದು. ರಾತ್ರಿ ಚೆನ್ನಾಗಿದ್ದವು ಬೆಳಗಾಗುವಷ್ಟರಲ್ಲಿ ಅಂಗಾತ ಬಿದ್ದು ಕಾಲು ಅದುರಿಸುತ್ತಿದ್ದರೆ ಮೊದಲು ಇದನ್ನೇ ಶಂಕಿಸಿ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಪಾಲಿಕೆಯ ಫಾಗಿಂಗ್ ಗಾಡಿ ಬಂದ ಸಂಜೆ ಕಿಟಕಿ ಮುಚ್ಚಿ, ತೊಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ಹೊಗೆ ಹೋಗುವವರೆಗೆ ಒಂದೆರಡು ಗಂಟೆ ಪಂಪ್ ಆರಿಸಿಡಿ.

ನೀರು

ಎರಡು ಅಳತೆ ಸಾಧನ ಬೇಕು: ನೀರಿನಲ್ಲಿ ಕರಗಿದ ಒಟ್ಟು ಲವಣ (ಟಿಡಿಎಸ್) ತೋರಿಸುವ ಪೆನ್ನಿನಂಥ ಮೀಟರ್, ಕ್ಯಾಲ್ಸಿಯಂ, ಮೆಗ್ನೀಸಿಯಂನ ಗಡಸುತನ (ಜಿಎಚ್) ಹನಿ ಹಾಕಿ ನೋಡುವ ಕಿಟ್. ಅಮೋನಿಯಾ, ನೈಟ್ರೈಟ್ ಕಿಟ್ ಮೊದಲ ಎರಡು ತಿಂಗಳಿಗೆ. ಚೆರ್ರಿಗೆ ಟಿಡಿಎಸ್ 150ರಿಂದ 300, ಜಿಎಚ್ 6ರಿಂದ 12, ಕೆಎಚ್ (ಪಿಎಚ್ ಅಲುಗಾಡದಂತೆ ಹಿಡಿಯುವ ಕಾರ್ಬೊನೇಟ್ ಗಡಸುತನ) 2ರಿಂದ 8, ಪಿಎಚ್ 6.5ರಿಂದ 8, ಉಷ್ಣಾಂಶ 22ರಿಂದ 26 ಡಿಗ್ರಿ. ಇದರೊಳಗೆ ಎಲ್ಲಿದ್ದರೂ ಸರಿ, ಆದರೆ ಇದ್ದಲ್ಲೇ ಇರಬೇಕು. ಪಿಎಚ್ 7ಕ್ಕೆ ಕೂರಿಸಲು ದಿನಾ ಏನಾದರೂ ಸುರಿಯುವವರ ತೊಟ್ಟಿಗಿಂತ, 7.8ರಲ್ಲೇ ಅಲುಗಾಡದೆ ನಿಂತ ತೊಟ್ಟಿಯಲ್ಲಿ ಮರಿ ಹೆಚ್ಚು.

ಬೆಂಗಳೂರಿನ ಕಾವೇರಿ ನೀರು ಹೆಚ್ಚಾಗಿ ಸೀಗಡಿಗೆ ಒಗ್ಗುತ್ತದೆ, ಕ್ಲೋರಿನ್ ಮಾತ್ರ ಹೋಗಬೇಕು. ಬಕೆಟ್‌ನಲ್ಲಿ 24 ಗಂಟೆ ಗಾಳಿ ಊದಿಸಿ, ಇಲ್ಲವೇ ಆ್ಯಂಟಿ ಕ್ಲೋರಿನ್ ಹಾಕಿ. ತೊಂದರೆ ಏನೆಂದರೆ, ಅದೇ ನಲ್ಲಿಯಲ್ಲಿ ಇವತ್ತು ಕಾವೇರಿ, ನಾಳೆ ಸಂಪ್‌ಗೆ ಬಿದ್ದ ಟ್ಯಾಂಕರ್ ನೀರು. ಹಾಗಾಗಿ ಪ್ರತಿ ಸಲವೂ ಮೀಟರ್ ಅದ್ದಿ ನೋಡದೆ ಒಂದು ಚೊಂಬೂ ಹಾಕಬಾರದು.

ಬೋರ್‌ವೆಲ್ ನೀರು ಗಡಸು. ಟಿಡಿಎಸ್ 900 ಇದ್ದರೆ ಒಂದು ಪಾಲು ಅದು, ನಾಲ್ಕು ಪಾಲು 30 ಟಿಡಿಎಸ್‌ನ ಆರ್‌ಒ ನೀರು ಬೆರೆಸಿ. 200ರ ಆಸುಪಾಸಿಗೆ ಬರುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ಮೋಸವಿದೆ: ಸಾಫ್ಟ್‌ನರ್ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಮೀಟರ್ 600 ತೋರಿಸುತ್ತದೆ, ಜಿಎಚ್ ಕಿಟ್ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಸೀಗಡಿಗೆ ಚಿಪ್ಪು ಕಟ್ಟಲು ಬೇಕಾದ್ದೇ ಆ ನೀರಿನಲ್ಲಿಲ್ಲ. ಅಂಥ ಕಡೆ ಸಾಫ್ಟ್‌ನರ್‌ಗೆ ಮುಂಚಿನ ನಲ್ಲಿ ಹುಡುಕಿ, ಇಲ್ಲವೇ ಪೂರ್ತಿ ಆರ್‌ಒ ನೀರಿಗೆ ಸೀಗಡಿಗೆಂದೇ ಮಾರುವ ಜಿಎಚ್ ಕೆಎಚ್ ಲವಣ ಬೆರೆಸಿ.

ಕರಾವಳಿ, ಮಲೆನಾಡಿನ ಬಾವಿ ನೀರಿನದು ಉಲ್ಟಾ ಕಥೆ. ಮುರಕಲ್ಲಿನ ನೆಲದ ನೀರು ಎಷ್ಟು ಮೆದುವೆಂದರೆ ಖನಿಜವೇ ಇಲ್ಲ, ಮೇಲಾಗಿ ಹುಳಿ. ಅದಕ್ಕೆ ತೊಳೆದ ಕಪ್ಪೆಚಿಪ್ಪಿನ ಚೂರು ಒಂದು ಹಿಡಿ ಬಲೆಚೀಲದಲ್ಲಿ ಕಟ್ಟಿ ಫಿಲ್ಟರ್ ಗಾಳಿ ಏಳುವಲ್ಲಿ ಇಡಿ. ವಾರ ಬಿಟ್ಟು ಜಿಎಚ್ ನೋಡಿ, ಸಾಲದಿದ್ದರೆ ಇನ್ನೊಂದು ಹಿಡಿ.

ತಾಮ್ರ ಸೀಗಡಿಗೆ ಆಗದು. ನಮ್ಮ ಮನೆಗಳಲ್ಲಿ ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟ ನೀರು ಕುಡಿಯುವ ರೂಢಿ ಉಂಟು. ಆ ನೀರು, ಹಂಡೆ ನೀರು, ಗೀಸರ್ ನೀರು ಯಾವುದನ್ನೂ ತೊಟ್ಟಿಗೆ ಹಾಕಬೇಡಿ. ಮೀನಿನ ಬಿಳಿಚುಕ್ಕೆ ಔಷಧಿಗಳಲ್ಲಿ ಹಲವು ತಾಮ್ರದವೇ.

ಮರಳು, ಗಿಡ

ಎರಡರಿಂದ ಮೂರು ಮಿಲಿಮೀಟರ್ ಕಾಳಿನ ಮರಳು 9 ಕಿಲೋ. ಮುಂದೆ 3 ಸೆಂಟಿಮೀಟರ್, ಹಿಂದೆ 5. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಎಂ ಸ್ಯಾಂಡ್ ಆದರೆ ಜರಡಿ ಹಿಡಿದು ಪುಡಿ ತೆಗೆಯಲೇಬೇಕು, ಇಲ್ಲದಿದ್ದರೆ ತಿಂಗಳುಗಟ್ಟಲೆ ಕಲಗಚ್ಚು. ತಳಕ್ಕೆ ಎರೆಗೊಬ್ಬರ ಹಾಸಿ ಮೇಲೆ ಮರಳು ಹೊದಿಸುವ ಪದ್ಧತಿ ಚಾಲ್ತಿಯಲ್ಲಿದೆ. ಗಿಡ ಹುಚ್ಚಾಗಿ ಬೆಳೆಯುತ್ತದೆ ನಿಜ, ಆದರೆ ಗಿಡ ಕಿತ್ತಾಗಲೆಲ್ಲ ಅಮೋನಿಯಾ ಎದ್ದು ಬರುತ್ತದೆ. ಬದಲಿಗೆ ಗೊಬ್ಬರ ಸೇರದ ಜೇಡಿಮಣ್ಣಿಗೆ ಸ್ವಲ್ಪ ಕೆಮ್ಮಣ್ಣು ಕಲಸಿ, ಗೋಲಿ ಗಾತ್ರದ ಉಂಡೆ ಕಟ್ಟಿ ಎರಡು ದಿನ ಒಣಗಿಸಿ. ಬೇರಿನಿಂದ ಉಣ್ಣುವ ಗಿಡದ ಬುಡಕ್ಕೆ ಒಂದೊಂದು ಉಂಡೆ ಬೆರಳಲ್ಲಿ ಅದುಮಿ.

ಗಿಡಗಳ ಆಯ್ಕೆಯಲ್ಲಿ ಸೋಮಾರಿತನವೇ ಒಳ್ಳೆಯದು. ಜಾವಾ ಮಾಸ್ ಎರಡು ಹಿಡಿ, ಮರಿಗಳಿಗೆ ಅಡಗುತಾಣವೂ ಹುಲ್ಲುಗಾವಲೂ ಅದೇ. ಕಲ್ಲಿಗೆ ತೆಳ್ಳಗೆ ಹರಡಿ ಹತ್ತಿ ದಾರ ಸುತ್ತಿ. ದಪ್ಪ ಮುದ್ದೆ ಕಟ್ಟಿದರೆ ಒಳಗಿನದು ಕೊಳೆಯುತ್ತದೆ. ಅನೂಬಿಯಸ್ ಎರಡು, ಜಾವಾ ಫರ್ನ್ ಒಂದು. ಇವುಗಳ ಅಡ್ಡ ದಂಟು ಮರಳಿನೊಳಗೆ ಹೂತರೆ ಕೊಳೆತು ಹೋಗುತ್ತದೆ, ಕಲ್ಲಿಗೋ ಕಟ್ಟಿಗೆಗೋ ಕಟ್ಟಬೇಕು. ಕ್ರಿಪ್ಟೊಕೊರಿನ್ ನಾಲ್ಕೈದು ಬುಡ. ನೆಟ್ಟ ವಾರದೊಳಗೆ ಇದರ ಎಲೆಯೆಲ್ಲ ಕರಗಿ ಲೋಳೆಯಾಗುತ್ತದೆ. ಸತ್ತಿತೆಂದು ಕೀಳಬೇಡಿ, ಬೇರು ಬದುಕಿರುತ್ತದೆ, ಮೂರು ವಾರಕ್ಕೆ ಚಿಗುರು. ಈ ಕುಲದ ಕೆಲವು ನಮ್ಮ ಪಶ್ಚಿಮ ಘಟ್ಟದ ಹಳ್ಳಗಳವೇ. ಹಾಗೆಂದು ಹಳ್ಳದಿಂದ ಕಿತ್ತು ತರಬೇಡಿ, ಜೊತೆಗೆ ಏನೇನು ಬರುತ್ತದೋ. ಹೈಡ್ರಿಲ್ಲಾ ಒಂದು ಕಟ್ಟು, ತೇಲುವ ಸಾಲ್ವಿನಿಯಾ ನೀರಿನ ಮೇಲ್ಮೈಯ ಅರ್ಧ ಮುಚ್ಚುವಷ್ಟು. ಈ ಎರಡೂ ಅಮೋನಿಯಾ, ನೈಟ್ರೇಟ್ ಹೀರಿ ಬೆಳೆಯುವ ಪುಕ್ಕಟೆ ಕೆಲಸದಾಳುಗಳು.

ಗಿಡದ ಜೊತೆ ಬರುವ ಕಳ್ಳರಲ್ಲಿ ದೊಡ್ಡವನು ಏರೋಪ್ಲೇನ್ ಚಿಟ್ಟೆಯ ಮರಿ. ಕಂದು ಬಣ್ಣ, ಆರು ಕಾಲು, ಪಾಚಿಯಲ್ಲಿ ಕದಲದೆ ಕೂತು ದಿನಕ್ಕಿಷ್ಟು ಸೀಗಡಿ ಮುಗಿಸುತ್ತದೆ. ಗಿಡದ ಮೇಲೆ ಉಳಿದ ಕೀಟನಾಶಕ ಇನ್ನೊಂದು ಭಯ. ಎರಡಕ್ಕೂ ಮದ್ದು ಒಂದೇ: ತಂದ ಗಿಡವನ್ನು ಹತ್ತರಿಂದ ಹದಿನಾಲ್ಕು ದಿನ ಬಕೆಟ್‌ನಲ್ಲಿಟ್ಟು ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸತು ತುಂಬಿ, ದಿನಾ ಬ್ಯಾಟರಿ ಬಿಟ್ಟು ನೋಡಿ.

ಎಲ್‌ಇಡಿ ದೀಪ 8ರಿಂದ 10 ವ್ಯಾಟ್, ಟೈಮರ್ ಪ್ಲಗ್‌ನಲ್ಲಿ ದಿನಕ್ಕೆ 6 ಗಂಟೆ. ಗಿಡ ಬೆಳೆಸಲು ಇಡುವ ಸಿಒ2 (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಈ ತೊಟ್ಟಿಗೆ ದಂಡ.

ಖಾಲಿ ತೊಟ್ಟಿಯ ಆರು ವಾರ

ನೀರು ತುಂಬಿ, ಗಿಡ ನೆಟ್ಟು, ಪಂಪ್ ಹಾಕಿ, ದೀಪ ಬೆಳಗಿಸಿ. ಸೀಗಡಿ ಇಲ್ಲದಿದ್ದರೂ ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿ. ಅದು ಕೊಳೆತು ಅಮೋನಿಯಾ, ಅದನ್ನು ತಿನ್ನುವ ಬ್ಯಾಕ್ಟೀರಿಯಾದಿಂದ ನೈಟ್ರೈಟ್, ಅದನ್ನು ತಿನ್ನುವ ಇನ್ನೊಂದು ಬಗೆಯಿಂದ ನೈಟ್ರೇಟ್. ಎರಡನೆಯ ತಂಡ ನೆಲೆಯೂರುವುದು ನಿಧಾನ, ಅದಕ್ಕೇ ನಾಲ್ಕರಿಂದ ಆರು ವಾರ. ಪರಿಚಯದವರ ಆರೋಗ್ಯವಾದ ತೊಟ್ಟಿಯ ಸ್ಪಂಜ್ ಹಿಂಡಿದ ಕೊಳೆನೀರು ಒಂದು ಲೋಟ ಸಿಕ್ಕರೆ ಅದು ಮೊಸರಿಗೆ ಹೆಪ್ಪು ಹಾಕಿದಂತೆ. ಗಾಜಿಗೆ ಕಂದು ಧೂಳು, ಕಟ್ಟಿಗೆಗೆ ಬಿಳಿ ಬೂಸ್ಟು ಬಂದರೆ ಹೆದರಬೇಡಿ, ಒರೆಸಲೂ ಬೇಡಿ. ಆಹಾರ ಹಾಕುತ್ತಿದ್ದರೂ ಒಂದು ವಾರ ಪೂರ್ತಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ಹಿಂದಿನ ಗಾಜಿಗೆ ತೆಳು ಹಸಿರು ಪದರ: ತೊಟ್ಟಿ ಹಣ್ಣಾಗಿದೆ.

ಹದಿನೈದು ಮರಿ ಸೀಗಡಿ ತನ್ನಿ, ಒಂದರಿಂದ ಒಂದೂವರೆ ಸೆಂಟಿಮೀಟರ್‌ನವು. ದೊಡ್ಡ, ಕಡುಗೆಂಪು ಹೆಣ್ಣುಗಳಿಗೆ ಮನಸೋಲುವುದು ಸಹಜ, ಆದರೆ ಆಗಲೇ ಅರ್ಧ ಆಯಸ್ಸು ಕಳೆದವು ಹೊಸ ನೀರಿಗೆ ಒಗ್ಗುವುದು ಕಷ್ಟ. ಚೀಲದ ನೀರಿನ ಸಮೇತ ಅಗಲ ಡಬ್ಬಿಗೆ ಸುರಿದು, ಏರ್ ಪಂಪಿನ ಕೊಳವೆಗೆ ಸಡಿಲ ಗಂಟು ಹಾಕಿ ತೊಟ್ಟಿಯಿಂದ ಸೆಕೆಂಡಿಗೆ ಎರಡು ಹನಿ ಬೀಳಿಸಿ. ಎರಡು ಗಂಟೆಯಲ್ಲಿ ಮುಕ್ಕಾಲು ಲೀಟರ್‌ನಷ್ಟು ಸೇರುತ್ತದೆ. ಡಬ್ಬಿಯ ನೀರು ಮೊದಲಿದ್ದದ್ದರ ಮೂರು ಪಾಲಾದ ಮೇಲೆ ಬಲೆಯಲ್ಲಿ ಎತ್ತಿ ಬಿಡಿ, ಡಬ್ಬಿಯ ನೀರು ಚೆಲ್ಲಿ. ಮೊದಲ ದಿನ ಎಲ್ಲವೂ ಮಾಯ. ಮಾಸ್ ಸರಿಸಿ ಹುಡುಕಬೇಡಿ.

ಆಮೇಲೆ

ಊಟ ವಾರಕ್ಕೆ ಎರಡು ಸಲ, ಎರಡು ಗಂಟೆಯೊಳಗೆ ಮುಗಿಯುವಷ್ಟು. ಉಳಿದರೆ ತೆಗೆಯಿರಿ. ನುಗ್ಗೆ ಸೊಪ್ಪು, ಪಾಲಕ್, ಹಿಪ್ಪುನೇರಳೆ ಎಲೆ ಒಂದು ನಿಮಿಷ ಕುದಿನೀರಿನಲ್ಲಿ ಬಾಡಿಸಿ ಹಾಕಿದರೆ ಮುತ್ತಿಕೊಂಡು, ನರ ಮಾತ್ರ ಬಿಟ್ಟು ಜಾಲರಿಯಂತೆ ತಿನ್ನುತ್ತವೆ. ರೇಷ್ಮೆ ತೋಟದ ಎಲೆ ಆದರೆ ಔಷಧಿ ಹೊಡೆದು ಎಷ್ಟು ದಿನವಾಯಿತೆಂದು ಕೇಳದೆ ತರಬೇಡಿ. ರಸ್ತೆ ಬದಿಯ ಬಾದಾಮಿ ಮರದಿಂದ ತಾನಾಗಿ ಉದುರಿದ ಒಣ ಎಲೆ ತಿಂಗಳಿಗೊಂದು, ತೊಳೆದು ಹಾಗೇ ಬಿಡಿ.

ಆವಿಯಾದ ನೀರಿನ ಜಾಗಕ್ಕೆ ಆರ್‌ಒ ನೀರು ಮಾತ್ರ, ಏಕೆಂದರೆ ಆವಿಯಾಗುವುದು ನೀರು, ಲವಣ ಅಲ್ಲ. ನಲ್ಲಿ ನೀರೇ ತುಂಬುತ್ತ ಹೋದರೆ ಟಿಡಿಎಸ್ ಏರುತ್ತಲೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಮೂರು ಲೀಟರ್ ತೆಗೆದು, ಅದೇ ಟಿಡಿಎಸ್, ಅದೇ ಉಷ್ಣಾಂಶದ ಮೂರು ಲೀಟರ್ ನಿಧಾನಕ್ಕೆ ಹಾಕಿ. ಒಮ್ಮೆಲೇ ಅರ್ಧ ತೊಟ್ಟಿ ಬದಲಿಸಿದರೆ ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಡಲು ಹೋಗಿ ಸಾಯುತ್ತವೆ. ಸ್ಪಂಜನ್ನು ತಿಂಗಳಿಗೊಮ್ಮೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ನಲ್ಲಿಯ ಕೆಳಗೆ ತೊಳೆದರೆ ಆರು ವಾರದ ಬೆಳೆ ಚರಂಡಿಗೆ. ಮುಂದಿನ ಗಾಜು ಮಾತ್ರ ಒರೆಸಿ.

ತಳದಲ್ಲಿ ಪಾರದರ್ಶಕ ಸೀಗಡಿ ಬಿದ್ದಿದ್ದರೆ ಅದು ಬಿಟ್ಟ ಪೊರೆ, ತೆಗೆಯಬೇಡಿ, ಅವೇ ತಿನ್ನುತ್ತವೆ. ಬೇಯಿಸಿದಂತೆ ಗುಲಾಬಿಗೆ ತಿರುಗಿದ್ದರೆ ಸತ್ತದ್ದು, ತೆಗೆಯಿರಿ. ತಲೆ ಚಿಪ್ಪಿಗೂ ಹೊಟ್ಟೆಗೂ ನಡುವೆ ಸುತ್ತಲೂ ಬಿಳಿ ಉಂಗುರ ಕಂಡರೆ ಪೊರೆ ಸರಿಯಾದ ಜಾಗದಲ್ಲಿ ಬಿರಿದಿಲ್ಲ. ಆ ಸೀಗಡಿ ಉಳಿಯುವುದು ಅಪರೂಪ, ಉಳಿದವಕ್ಕಾಗಿ ಜಿಎಚ್ ಅಳೆಯಿರಿ, ಇತ್ತೀಚೆಗೆ ನೀರು ಹೇಗೆ ಬದಲಿಸಿದಿರಿ ನೆನಪಿಸಿಕೊಳ್ಳಿ. ಗಾಜಿನ ಮೇಲೆ ತ್ರಿಕೋನ ತಲೆಯ ಚಪ್ಪಟೆ ಹುಳು ಜಾರುತ್ತಿದ್ದರೆ ಪ್ಲನೇರಿಯಾ, ಊಟ ಹೆಚ್ಚಾಗಿದೆ ಎಂದರ್ಥ. ಇದಕ್ಕೆ ಸಿಗುವ ಒಂದು ಪುಡಿಯ ಸತ್ವ ಬೇರೇನಲ್ಲ, ನಮ್ಮ ಅಡಿಕೆಯದು. ಹಾಗೆಂದು ತೋಟದ ಅಡಿಕೆ ಕುದಿಸಿ ಸುರಿಯಬೇಡಿ, ಪ್ರಮಾಣ ತಪ್ಪಿದರೆ ಕೆಟ್ಟಿತು.

ಏಪ್ರಿಲ್, ಮೇ ತಿಂಗಳಲ್ಲಿ ನೀರು 30 ದಾಟಿದರೆ ಮರಿ ಮಾಡುವುದು ನಿಲ್ಲುತ್ತದೆ, ಆಮ್ಲಜನಕವೂ ತಗ್ಗುತ್ತದೆ. ಸಣ್ಣ ಫ್ಯಾನ್ ನೀರಿನ ಮೇಲ್ಮೈಗೆ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಇದು ರಾಯಚೂರಿನ ಒಣ ಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಮಂಗಳೂರಿನ ತೇವದಲ್ಲಿ ಅಷ್ಟಕ್ಕಷ್ಟೆ.

ಹೆಣ್ಣಿನ ಹೊಟ್ಟೆಯಡಿ 20ರಿಂದ 30 ಮೊಟ್ಟೆ ಕಂಡ ಮೇಲೆ ಸುಮಾರು ನಾಲ್ಕು ವಾರಕ್ಕೆ ಮರಿ. ಗಪ್ಪಿ ಮೀನು ಒಂದೆರಡು ಇದ್ದರೂ ಮರಿಗಳು ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಖಾಲಿ, ಹಾಗಾಗಿ ಮೀನು ಬೇಡ, ಬಸವನಹುಳು ಇರಲಿ. ನೂರು ದಾಟಿದರೆ ಹಂಚಿ ಅಥವಾ ಅಂಗಡಿಗೆ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ. ಹಬ್ಬಕ್ಕೆ ಹತ್ತು ದಿನ ಊರಿಗೆ ಹೋಗುವುದಿದ್ದರೆ ಆರ್‌ಒ ನೀರು ಎಂದಿನ ಮಟ್ಟದವರೆಗೆ ತುಂಬಿ, ಒಂದು ಬಾದಾಮಿ ಎಲೆ ಹಾಕಿ, ಟೈಮರ್ ನೋಡಿ ಹೊರಡಿ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟರೂ ಆಹಾರದ ಡಬ್ಬಿ ಕೊಡಬೇಡಿ.