ಕೇಳುವ ಮೊದಲು ಓದಬೇಕಾದ ರೆಕಾರ್ಡುಗಳು

ನಾನು ಮೊದಲು ಕೊಂಡ ‘ಅಪರೂಪದ’ ಪಂಕ್ ರೆಕಾರ್ಡು ಅಪರೂಪದ್ದೇನೂ ಆಗಿರಲಿಲ್ಲ. (ಪಂಕ್ ಎಂದರೆ 1970ರ ದಶಕದಲ್ಲಿ ಹುಟ್ಟಿದ ಒರಟು, ವೇಗದ ರಾಕ್ ಸಂಗೀತ.) ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದ ‘ಸ್ಪೈರಲ್ ಸ್ಕ್ರ್ಯಾಚ್’, 1977ರ ಮೊದಲ ಮುದ್ರಣ ಎಂದು ಮಾರುವವರು ಬರೆದಿದ್ದರು. ಹಣ ಕಳಿಸಿ ಮೂರು ವಾರ ಕಾದೆ. ಪೊಟ್ಟಣ ಬಿಚ್ಚಿದರೆ ಹೊದಿಕೆಯ ಮೇಲೆ ತಂಡದ ಹೆಸರಿನ ಜೊತೆಗೆ ‘ವಿತ್ ಹೊವರ್ಡ್ ಡಿವೋಟೊ’ ಎಂಬ ಮೂರು ಪದಗಳು. ಅವು ಇದ್ದರೆ ಅದು 1979ರ ಮರುಮುದ್ರಣ. ಡಿವೋಟೊ ತಂಡದಲ್ಲೇ ಹಾಡುತ್ತಿದ್ದಾಗ ಅವರ ಹೆಸರನ್ನು ಬೇರೆಯಾಗಿ ಹಾಕುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಅವರು ಹೊರಬಂದು ಮ್ಯಾಗಜೀನ್ ತಂಡ ಕಟ್ಟಿ ಹೆಸರಾದ ಮೇಲೆ ಆ ಸಾಲು ಸೇರಿತು. ನನ್ನನ್ನು ಇಂದಿಗೂ ಚುಚ್ಚುವ ಸಂಗತಿ ಬೇರೆ: ಜಾಹೀರಾತಿನ ಚಿತ್ರದಲ್ಲಿ ಆ ಮೂರು ಪದಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನಾನು ಚಿತ್ರ ನೋಡಿದ್ದೆ, ಓದಿರಲಿಲ್ಲ.

ಹಾಗಾಗಿ ಈ ಹವ್ಯಾಸಕ್ಕೆ ಕಿವಿಗಿಂತ ಮೊದಲು ಕಣ್ಣು ಬೇಕು. ಪಂಕ್‌ನ ಆರಂಭದ ಸಿಂಗಲ್‌ಗಳು, ಅಂದರೆ ಸುಮಾರು 1976ರಿಂದ 1981ರವರೆಗಿನವು, ಬದಿಗೆ ಒಂದೆರಡು ಹಾಡಿರುವ ಏಳು ಇಂಚಿನ ಪುಟ್ಟ ತಟ್ಟೆಗಳು; ಹೆಚ್ಚಿನವು ನಿಮಿಷಕ್ಕೆ 45 ಸುತ್ತು ತಿರುಗುತ್ತವೆ. ನಿಮ್ಮ ಅಟ್ಟದ ಮೇಲೆ ಕನ್ನಡ ಸಿನಿಮಾ ಹಾಡುಗಳ ಹಳೆಯ ಇಪಿ ಇದ್ದರೆ ಅಳತೆ ಅದೇ. ವ್ಯತ್ಯಾಸವಿರುವುದು ಸಂಖ್ಯೆಯಲ್ಲಿ. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಕೈಗಡ ಮಾಡಿ ಐನೂರೋ ಸಾವಿರವೋ ಪ್ರತಿ ಅಚ್ಚು ಹಾಕಿಸಿದ್ದವು ಇವು. ಯಾರೂ ಕಾಪಿಡಲಿ ಎಂದು ಮಾಡಿದ್ದಲ್ಲ. ಪಾರ್ಟಿಗಳಲ್ಲಿ ತಿರುಗಿ, ಬಿಯರ್ ಚೆಲ್ಲಿಸಿಕೊಂಡು, ಅಕ್ಕತಂಗಿಯರ ಕೈಗೆ ಸಿಕ್ಕಿ ಉಳಿದುಕೊಂಡವು ನಮ್ಮ ಪಾಲಿಗೆ.

ಮೊದಲು ಬೇಲಿ ಹಾಕಿಕೊಳ್ಳಿ

ಎಲ್ಲವನ್ನೂ ಸಂಗ್ರಹಿಸುತ್ತೇನೆ ಎಂದು ಹೊರಟವರ ಜೇಬು ಆರು ತಿಂಗಳಲ್ಲಿ ಬರಿದಾಗುತ್ತದೆ. ಒಂದು ಊರು, ಒಂದು ಕಂಪನಿ ಅಥವಾ ಒಂದು ವರ್ಷ ಆರಿಸಿಕೊಳ್ಳಿ. ಮ್ಯಾಂಚೆಸ್ಟರ್ 1977 ಎಂದುಕೊಂಡರೆ ಮೇಲೆ ಹೇಳಿದ ‘ಸ್ಪೈರಲ್ ಸ್ಕ್ರ್ಯಾಚ್’ ಒಳ್ಳೆಯ ಪಾಠಶಾಲೆ. 1976ರ ಡಿಸೆಂಬರ್ 28ರಂದು ಕೆಲವೇ ಗಂಟೆಗಳಲ್ಲಿ ನಾಲ್ಕು ಹಾಡು ಧ್ವನಿಮುದ್ರಿಸಿದರು. ಧ್ವನಿಯ ಹೊಣೆ ಮಾರ್ಟಿನ್ ಹ್ಯಾನೆಟ್ ಅವರದು; ಮುಂದೆ ಜಾಯ್ ಡಿವಿಷನ್ ತಂಡದಿಂದ ಹೆಸರಾದ ಇವರು ಇಲ್ಲಿ ಹಾಕಿಕೊಂಡ ಹೆಸರು ಮಾರ್ಟಿನ್ ಝೀರೊ. ಗೆಳೆಯರಿಂದ, ಮನೆಯವರಿಂದ ತಂದ ಸಾಲ ಸುಮಾರು 500 ಪೌಂಡ್. ನ್ಯೂ ಹಾರ್ಮೋನ್ಸ್ ಎಂಬ ಸ್ವಂತ ಲೇಬಲ್ (ರೆಕಾರ್ಡು ಕಂಪನಿ), ಕ್ರಮಸಂಖ್ಯೆ ಓಆರ್‌ಜಿ 1, ಮೊದಲ ಕಂತು 1,000 ಪ್ರತಿ. 1977ರ ಜನವರಿ ಕೊನೆಗೆ ಅಂಗಡಿ ಸೇರಿದ ಅದು ಖರ್ಚಾಗುತ್ತ ಹೋಗಿ, ಮತ್ತೆ ಮತ್ತೆ ಅಚ್ಚಾಗಿ, ಒಟ್ಟು 16,000ದವರೆಗೆ ಮಾರಾಟವಾಯಿತು. ಆದ್ದರಿಂದ ಡಿವೋಟೊ ಹೆಸರಿಲ್ಲದ ಪ್ರತಿಯೆಲ್ಲ ಮೊದಲ ಸಾವಿರದ್ದು ಎಂದು ಕುಣಿಯಬೇಡಿ. ಹದಿನಾರರಲ್ಲಿ ಒಂದು ಅಷ್ಟೆ.

ಕಾಲದ ಬೇಲಿ ಹಾಕಿಕೊಳ್ಳುವವರಿಗೆ 1976 ಸಾಕಷ್ಟು ಚಿಕ್ಕದು. ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ ಎನ್ನಿಸಿಕೊಂಡ ಡ್ಯಾಮ್ಡ್ ತಂಡದ ‘ನ್ಯೂ ರೋಸ್’ ಬಂದದ್ದು ಆ ವರ್ಷ ಅಕ್ಟೋಬರ್ 22ರಂದು, ಸ್ಟಿಫ್ ಕಂಪನಿಯಿಂದ, ಬೈ 6 ಎಂಬ ಕ್ರಮಸಂಖ್ಯೆಯಲ್ಲಿ. ಲಂಡನ್ನಿನವರು ಇದನ್ನು ಹೇಳಿ ಬೀಗುವಾಗ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದವರು ನಗುತ್ತಾರೆ. ಅಲ್ಲಿನ ಸೇಂಟ್ಸ್ ತಂಡ ಒಂದು ತಿಂಗಳು ಮೊದಲೇ, ಸೆಪ್ಟೆಂಬರಿನಲ್ಲಿ, ಫೇಟಲ್ ಎಂಬ ಸ್ವಂತ ಲೇಬಲ್‌ನಲ್ಲಿ ‘ಸ್ಟ್ರಾಂಡೆಡ್’ ಸಿಂಗಲ್ ಹೊರತಂದಿತ್ತು. 500 ಪ್ರತಿ. ಇವೆರಡರಲ್ಲಿ ‘ನ್ಯೂ ರೋಸ್’ ಇಂದಿಗೂ ಕೈಗೆಟುಕುತ್ತದೆ. ಫೇಟಲ್ ಪ್ರತಿಯನ್ನು ನಾನು ಚಿತ್ರದಲ್ಲಷ್ಟೇ ಕಂಡಿದ್ದೇನೆ.

ಖಾಲಿ ಪಟ್ಟಿಯ ಲಿಪಿ

ಹಾಡು ಮುಗಿದು, ತಟ್ಟೆಯ ಮಧ್ಯದ ಕಾಗದದ ಲೇಬಲ್ ಶುರುವಾಗುವ ನಡುವೆ ಒಂದು ಹೊಳೆಯುವ ಖಾಲಿ ಪಟ್ಟಿ ಇರುತ್ತದಲ್ಲ, ಸಂಗ್ರಾಹಕರು ಅದನ್ನು ರನ್‌ಔಟ್ ಎನ್ನುತ್ತಾರೆ. ಕ್ರಿಕೆಟ್ಟಿನದಲ್ಲ, ಆದರೂ ಇಲ್ಲಿ ಔಟಾದವರು ಬಹಳ. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಆ ಪಟ್ಟಿಯಲ್ಲಿ ಸಣ್ಣ ಅಕ್ಷರಗಳು ಕಾಣುತ್ತವೆ. ಕೆಲವು ಯಂತ್ರದ ಮೊಹರು, ಕೆಲವು ಕೈಬರಹದ ಗೀಚು.

ಅವು ಅಲ್ಲಿ ಬರುವ ಬಗೆ ತಿಳಿದರೆ ಅರ್ಧ ವಿದ್ಯೆ ಬಂದಂತೆ. ಮೊದಲು ಮೆರುಗೆಣ್ಣೆ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಹಾಡಿನ ಗೆರೆಯನ್ನು ಕೊರೆಯುತ್ತಾರೆ. ಕೊರೆದ ತಂತ್ರಜ್ಞರು ಖಾಲಿ ಪಟ್ಟಿಯಲ್ಲಿ ಕ್ರಮಸಂಖ್ಯೆ ಬರೆಯುತ್ತಾರೆ, ಮನಸ್ಸಾದರೆ ತಮ್ಮ ಗುರುತನ್ನೂ ಹಾಕುತ್ತಾರೆ. ಆ ತಟ್ಟೆಗೆ ಲೋಹದ ಲೇಪ ಕೊಟ್ಟು, ಅದರಿಂದ ಪ್ರತಿಯ ಪ್ರತಿ ತೆಗೆದು, ಕೊನೆಗೆ ಸಿಗುವ ಅಚ್ಚಿನಿಂದ ಬಿಸಿ ಪ್ಲಾಸ್ಟಿಕ್ಕನ್ನು ಒತ್ತುತ್ತಾರೆ. ಅಚ್ಚು ಸವೆದರೆ ಇನ್ನೊಂದು. ಹೊಸದಾಗಿ ಕೊರೆಸಿದರೆ ಬರಹವೂ ಹೊಸದು. ಹೊದಿಕೆಯನ್ನು ಯಾರು ಬೇಕಾದರೂ ಮತ್ತೆ ಮುದ್ರಿಸಬಹುದು, ಲೇಬಲ್ಲನ್ನೂ ನಕಲು ಮಾಡಬಹುದು. ಆ ಕೈಬರಹವನ್ನು ಅದೇ ಒತ್ತಡದಲ್ಲಿ, ಅದೇ ವಾರೆಯಲ್ಲಿ ಮತ್ತೆ ತರುವುದು ಕಷ್ಟ. ಲಂಡನ್ನಿನ ಜಾರ್ಜ್ ಪೆಕಮ್ ಎಂಬ ತಂತ್ರಜ್ಞರು ಕೊರೆದ ತಟ್ಟೆಗಳಲ್ಲಿ ‘ಎ ಪೋರ್ಕಿ ಪ್ರೈಮ್ ಕಟ್’ ಎಂಬ ಸಹಿ ಸಿಗುತ್ತದೆ. ಒಮ್ಮೆ ಅದನ್ನು ಗುರುತಿಸಲು ಕಲಿತರೆ ಪರಿಚಯದ ಅಕ್ಷರ ಕಂಡಷ್ಟು ಸಂತೋಷ.

ಡಿಸ್ಕಾಗ್ಸ್ ಜಾಲತಾಣದಲ್ಲಿ ಒಂದೇ ಸಿಂಗಲ್ಲಿನ ಬೇರೆ ಬೇರೆ ಮುದ್ರಣಗಳಿಗೆ ಬೇರೆ ಬೇರೆ ಪುಟಗಳಿವೆ. ಈ ಬರಹಗಳನ್ನೂ ಅಲ್ಲಿ ದಾಖಲಿಸಿರುತ್ತಾರೆ. ಕೊಳ್ಳುವ ಮೊದಲು ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ಎರಡೂ ಬದಿಯ ಖಾಲಿ ಪಟ್ಟಿಯ ಚಿತ್ರ ಕಳಿಸುತ್ತೀರಾ? ಸಬೂಬು ಹೇಳಿದರೆ ಅಲ್ಲಿಗೆ ಬಿಡಿ.

ತಪ್ಪುಗಳೇ ಗುರುತು

ಅವಸರದಲ್ಲಿ ಆದ ಮುದ್ರಣದೋಷ ಸಂಗ್ರಾಹಕರ ಭಾಗ್ಯ. ಸೆಕ್ಸ್ ಪಿಸ್ಟಲ್ಸ್ ತಂಡದ ‘ಅನಾರ್ಕಿ ಇನ್ ದ ಯು.ಕೆ.’ 1976ರ ನವೆಂಬರ್ 26ರಂದು ಇಎಂಐ ಕಂಪನಿಯಿಂದ ಬಂತು, ಸಂಖ್ಯೆ 2566. ಆರಂಭದ ಪ್ರತಿಗಳಿಗೆ ಚಿತ್ರವಿಲ್ಲದ ಬರೀ ಕಪ್ಪು ಹೊದಿಕೆ. ಲೇಬಲ್‌ನ ಮೇಲೆ ಎರಡೂ ಬದಿಗೆ ನಿರ್ಮಾಪಕರೆಂದು ಕ್ರಿಸ್ ಥಾಮಸ್ ಹೆಸರು. ಹಿಂಬದಿಯ ಹಾಡನ್ನು ನಿಜವಾಗಿ ಮಾಡಿದವರು ಡೇವ್ ಗುಡ್‌ಮನ್. ತಪ್ಪನ್ನು ಬೇಗನೆ ತಿದ್ದಿದರು, ಹಾಗಾಗಿ ತಪ್ಪಿರುವುದು ಹಳೆಯದು, ಸರಿಯಿರುವುದು ಆಮೇಲಿನದು.

ಅದೇ ತಂಡದ ‘ಗಾಡ್ ಸೇವ್ ದ ಕ್ವೀನ್’ ಕತೆ ಇನ್ನೂ ದೊಡ್ಡದು. 1977ರ ಮಾರ್ಚ್ 10ರಂದು ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಮೇಜು ಹಾಕಿ ಎ ಅಂಡ್ ಎಂ ಕಂಪನಿಯೊಂದಿಗೆ ಒಪ್ಪಂದಕ್ಕೆ ಸಹಿ ಮಾಡಿದರು. ವಾರ ಕಳೆಯುವ ಮೊದಲೇ ಕಂಪನಿ ಅವರನ್ನು ಕೈಬಿಟ್ಟಿತು. ಅಷ್ಟರಲ್ಲಿ ಸುಮಾರು 25,000 ಪ್ರತಿ ಅಚ್ಚಾಗಿತ್ತು. ಹೆಚ್ಚುಕಡಿಮೆ ಎಲ್ಲವನ್ನೂ ನಾಶ ಮಾಡಿದರು. ಎಎಂಎಸ್ 7284 ಸಂಖ್ಯೆಯ ಉಳಿದ ಕೆಲವು ಪ್ರತಿಗಳು ಹರಾಜಿನಲ್ಲಿ ಕಾರಿನ ಬೆಲೆಗೆ ಹೋಗುತ್ತವೆ. ಮೇ ಕೊನೆಗೆ ವರ್ಜಿನ್ ಕಂಪನಿ ಹೊರತಂದ ವಿಎಸ್ 181 ಮಾತ್ರ ಎಲ್ಲೆಲ್ಲೂ ಸಿಗುತ್ತದೆ. ಹಿಂಬದಿ ನೋಡಿದರೂ ಸಾಕು: ವರ್ಜಿನ್ ಪ್ರತಿಯಲ್ಲಿ ‘ಡಿಡ್ ಯು ನೋ ರಾಂಗ್’ ಇದೆ, ಎ ಅಂಡ್ ಎಂ ಪ್ರತಿಯಲ್ಲಿ ‘ನೋ ಫೀಲಿಂಗ್’. ಯಾರಾದರೂ ಎ ಅಂಡ್ ಎಂ ಪ್ರತಿ ಸೋವಿಯಲ್ಲಿದೆ ಎಂದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ.

ನಕಲಿಗಳು ಹೆಚ್ಚಾಗಿ ಹೊದಿಕೆಯಲ್ಲೇ ಸಿಕ್ಕಿಬೀಳುತ್ತವೆ. ಮೂಲ ಹೊದಿಕೆಯ ಚಿತ್ರ ತೆಗೆದು ಮತ್ತೆ ಮುದ್ರಿಸಿದಾಗ ಸಣ್ಣ ಅಕ್ಷರಗಳ ಅಂಚು ಊದಿಕೊಳ್ಳುತ್ತದೆ, ಬೂದು ಬಣ್ಣ ಕಪ್ಪಿಗೆ ತಿರುಗುತ್ತದೆ. ಹತ್ತುಪಟ್ಟಿನ ಪುಟ್ಟ ಭೂತಗನ್ನಡಿ ಇಟ್ಟುಕೊಳ್ಳಿ. ಚಿನ್ನಬೆಳ್ಳಿ ಅಂಗಡಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದೇ ಸಾಕು. ಕೈಯಿಂದ ಮಾಡಿದ ಹೊದಿಕೆಗಳಿಗೆ ಈ ಪರೀಕ್ಷೆ ಬೇರೆ ರೀತಿ. ವಾಷಿಂಗ್ಟನ್ನಿನ ಡಿಸ್ಕಾರ್ಡ್ ಲೇಬಲ್ಲಿನ ಮೊದಲ ತಟ್ಟೆ, ಟೀನ್ ಐಡಲ್ಸ್ ತಂಡದ್ದು, 1,000 ಪ್ರತಿ. ಹೊದಿಕೆ ಮಾಡುವುದು ಹೇಗೆಂದು ಗೊತ್ತಿಲ್ಲದ ಆ ಹುಡುಗರು ಇಂಗ್ಲೆಂಡಿನ ಸಿಂಗಲ್ ಒಂದರ ಹೊದಿಕೆಯನ್ನು ಬಿಚ್ಚಿ ಹರಡಿ, ಅದರ ಅಳತೆಗೆ ಕಾಗದ ಕತ್ತರಿಸಿ, ಮಡಿಸಿ, ಅಂಟಿಸುತ್ತ ಕೂತರು. ಅಲ್ಲಿ ಸೊಟ್ಟ ಅಂಚು ಇದ್ದರೇನೇ ನಂಬಿಕೆ.

ಸಂಕಲನಗಳು: ಅಗ್ಗದ ದಾರಿ, ಆದರೆ ಎಚ್ಚರ

ಹಲವು ತಂಡಗಳ ಹಾಡು ಸೇರಿಸಿದ ಸಂಕಲನಗಳಿಂದ ಸಂಗ್ರಹ ಶುರು ಮಾಡುವುದು ಬುದ್ಧಿವಂತಿಕೆ ಎಂದು ನನ್ನ ಅಭಿಪ್ರಾಯ. 1977ರ ಜೂನ್‌ನಲ್ಲಿ ಹಾರ್ವೆಸ್ಟ್ ಕಂಪನಿ ಹೊರತಂದ ‘ದ ರಾಕ್ಸಿ ಲಂಡನ್ ಡಬ್ಲ್ಯುಸಿ2’ ಲಂಡನ್ನಿನ ರಾಕ್ಸಿ ಎಂಬ ಕ್ಲಬ್ಬಿನ ಜನವರಿಯಿಂದ ಏಪ್ರಿಲ್‌ವರೆಗಿನ ರಾತ್ರಿಗಳನ್ನು ಹಿಡಿದಿಟ್ಟಿದೆ. ವೈರ್, ಎಕ್ಸ್‌-ರೇ ಸ್ಪೆಕ್ಸ್, ಅಡ್ವರ್ಟ್ಸ್, ಬಜ್‌ಕಾಕ್ಸ್ ಒಂದೇ ತಟ್ಟೆಯಲ್ಲಿ, ಹಾಡುಗಳ ನಡುವೆ ಕುಡಿದವರ ಹರಟೆಯೂ ಸೇರಿ. ಬಹಳ ಮಾರಾಟವಾದ್ದರಿಂದ ಬೆಲೆ ಕಡಿಮೆ. ಮುಖ್ಯವಾದದ್ದೆಲ್ಲ ದುಬಾರಿಯಲ್ಲ, ಹಾಗೆಯೇ ದುಬಾರಿಯಾದದ್ದೆಲ್ಲ ಕೇಳುವಂತೆ ಇರುವುದೂ ಇಲ್ಲ. ಮ್ಯಾಂಚೆಸ್ಟರಿನ ಎಲೆಕ್ಟ್ರಿಕ್ ಸರ್ಕಸ್ ಕ್ಲಬ್ಬು ಮುಚ್ಚುವಾಗ, 1977ರ ಅಕ್ಟೋಬರಿನಲ್ಲಿ ಧ್ವನಿಮುದ್ರಿಸಿದ ‘ಶಾರ್ಟ್ ಸರ್ಕ್ಯೂಟ್’ ಹತ್ತು ಇಂಚಿನ ತಟ್ಟೆ. ಅದು ಮರುವರ್ಷ ಬಂತು, ನೀಲಿ ಮತ್ತು ಕಿತ್ತಳೆ ಬಣ್ಣದಲ್ಲೂ ಇದೆ. ಬಣ್ಣ ಕಂಡ ಕೂಡಲೇ ಬೆಲೆ ಏರಿಸುವವರಿದ್ದಾರೆ. ಜೇಬು ಬಿಗಿ ಹಿಡಿಯಿರಿ.

ನನಗೆ ಅತ್ಯಂತ ಇಷ್ಟವಾದ ತರಲೆ ‘ಯೆಸ್ ಎಲ್.ಎ.’. 1978ರಲ್ಲಿ ಇಂಗ್ಲೆಂಡಿನ ಸಂಗೀತಗಾರ, ನಿರ್ಮಾಪಕ ಬ್ರಯಾನ್ ಈನೊ ನ್ಯೂಯಾರ್ಕಿನ ನಾಲ್ಕು ತಂಡಗಳನ್ನು ಸೇರಿಸಿ ‘ನೋ ನ್ಯೂಯಾರ್ಕ್’ ಎಂಬ ಗಂಭೀರ ಸಂಕಲನ ಮಾಡಿದ್ದರು. ಮರುವರ್ಷ ಲಾಸ್ ಏಂಜಲಿಸಿನ ಡೇಂಜರ್‌ಹೌಸ್ ಲೇಬಲ್ ಅದಕ್ಕೆ ಅಣಕವಾಗಿ ಆರು ತಂಡಗಳನ್ನು ಒಂದೇ ಬದಿಯಲ್ಲಿ ತುಂಬಿ, ಇನ್ನೊಂದು ಬದಿಗೆ ಚಿತ್ರ ಅಚ್ಚೊತ್ತಿ, ಇದು ಈನೊ ನಿರ್ಮಾಣವಲ್ಲ ಎಂದು ಘೋಷಿಸಿತು. ‘ನೋ ನ್ಯೂಯಾರ್ಕ್’ ಕೊಳ್ಳುವವರಿಗೆ ಇನ್ನೊಂದು ಪೇಚು: ಹಾಡುಗಳ ಸಾಹಿತ್ಯವನ್ನು ಹೊದಿಕೆಯ ಒಳಮೈಗೆ ಮುದ್ರಿಸಿದ್ದಾರೆ. ಓದಬೇಕಾದರೆ ಹೊದಿಕೆ ಹರಿಯಬೇಕು. ಹರಿದ ಪ್ರತಿಗೆ ಬೆಲೆ ಕಡಿಮೆ, ಹರಿಯದ ಪ್ರತಿಯ ಒಡೆಯರು ಸಾಹಿತ್ಯ ಓದಿಲ್ಲ.

ಇನ್ನು 1980ರ ದಶಕದ ಕೊನೆಯಲ್ಲಿ ಶುರುವಾದ ‘ಕಿಲ್ಡ್ ಬೈ ಡೆತ್’ ಮಾಲೆ. ಅನುಮತಿಯಿಲ್ಲದೆ, ಮರೆತುಹೋದ ಸಿಂಗಲ್‌ಗಳಿಂದ ಹಾಡು ಎತ್ತಿ ಮಾಡಿದ್ದು. ತಂಡಗಳಿಗೆ ಕಾಸು ಮುಟ್ಟಿಸದ ಈ ಕೆಲಸವನ್ನು ಹೊಗಳಲಾರೆ. ಆದರೆ ಯಾರೂ ಕೇಳದಿದ್ದ ಊರುಗಳ ಹಾಡು ಜನರ ಕಿವಿಗೆ ಬಿದ್ದದ್ದು ಇದರಿಂದಲೇ. ಅದರಲ್ಲಿ ಸೇರಿದ ಸಿಂಗಲ್ಲಿನ ಬೆಲೆ ಗಗನಕ್ಕೇರಿದ್ದೂ ಇದರಿಂದಲೇ.

ಬೆಲೆ, ಅಂಚೆ, ಕಪಾಟು

ಮಾರುವವರು ಕೇಳುವ ಬೆಲೆ ಬೆಲೆಯಲ್ಲ. ಮಾರಾಟವಾದ ಬೆಲೆ ನೋಡಿ. ಡಿಸ್ಕಾಗ್ಸ್ ಕನಿಷ್ಠ, ಮಧ್ಯಮ, ಗರಿಷ್ಠ ಮೂರನ್ನೂ ತೋರಿಸುತ್ತದೆ. ಸ್ಥಿತಿ ನೋಡಿ ಕೊಡುವ ದರ್ಜೆ ತಟ್ಟೆಗೆ ಬೇರೆ, ಹೊದಿಕೆಗೆ ಬೇರೆ. ಬ್ರಿಟನ್ನಿನವರು ‘ಎಕ್ಸಲೆಂಟ್’ ಎಂದದ್ದು ಅಮೆರಿಕದವರ ‘ವೆರಿ ಗುಡ್ ಪ್ಲಸ್’ ಹತ್ತಿರ ಬರುತ್ತದೆ. ಬರೀ ‘ವೆರಿ ಗುಡ್’ ಎಂದರೆ ಚೆನ್ನಾಗಿದೆ ಎಂದಲ್ಲ, ಮುಳ್ಳು ಇಟ್ಟ ಕೂಡಲೇ ಒಗ್ಗರಣೆಯ ಸದ್ದು ಖಾತ್ರಿ.

ತರಿಸುವಾಗ ತಟ್ಟೆಯನ್ನು ಹೊದಿಕೆಯಿಂದ ಹೊರಗಿಟ್ಟು, ಎರಡು ರಟ್ಟುಗಳ ನಡುವೆ ಕಳಿಸಲು ಕೇಳಿ. ಒಳಗೇ ಇದ್ದರೆ ದಾರಿಯಲ್ಲಿ ಓಲಾಡಿ ಕಾಗದದ ಅಂಚು ಸೀಳುತ್ತದೆ. ನಮ್ಮಲ್ಲಿಗೆ ಬರುವಾಗ ಕಸ್ಟಮ್ಸ್ ಸುಂಕ ಬೀಳಬಹುದು, ಲೆಕ್ಕದಲ್ಲಿರಲಿ. ಮನೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸದೆ ಗಾಳಿಯಾಡಲು ಬಿಡಿ. ಕಲಬುರಗಿಯ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ತಟ್ಟೆ ಹಪ್ಪಳವಾಗುತ್ತದೆ. ಹೊರಕವಚ ಪಾಲಿಥೀನಿನದಿರಲಿ. ಪಿವಿಸಿ ಕವಚ ವರ್ಷಗಳು ಕಳೆದಂತೆ ತಟ್ಟೆಯ ಮೇಲೆ ಮಸುಕು ಕೂರಿಸುತ್ತದೆ.

ಕೊನೆಗೆ, ಕೊಂಡದ್ದನ್ನು ಹಾಕಿ ಕೇಳಿ. ಇಲ್ಲಿ ನಾನು ಶಿಫಾರಸು ಮಾಡುವುದು ಲಂಡನ್ನಿನ ಡೆಸ್ಪರೇಟ್ ಬೈಸಿಕಲ್ಸ್ ತಂಡದ ಮೊದಲ ಸಿಂಗಲ್, 1977ರ ‘ಸ್ಮೋಕ್‌ಸ್ಕ್ರೀನ್’. ಸಿಂಗಲ್ ಹೊರತರುವುದಕ್ಕೆಂದೇ ಕಟ್ಟಿದ ತಂಡ ಅದು. ಒಟ್ಟು ಖರ್ಚು 153 ಪೌಂಡ್ ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ, ನೀವೂ ಮಾಡಿ ಎಂದು ಕರೆ ಬೇರೆ. ಎರಡು ಬದಿಗೂ ಒಂದೇ ಅಚ್ಚು: ಆ ಕಡೆ ಇರುವ ಎರಡು ಹಾಡೇ ಈ ಕಡೆಯೂ. ಒಂದು ಬದಿಗೆ ಗೀರು ಬಿದ್ದಿದೆ ಎಂದು ಮಾರುವವರು ಬೆಲೆ ಇಳಿಸಿದರೆ ತಡಮಾಡಬೇಡಿ. ತಿರುಗಿಸಿ ಹಾಕಿದರಾಯಿತು.