ಕೊಟ್ಟಿಗೆಹಾರದಲ್ಲಿ ಪಾಂಡಾಸ್ ಹಾಕಿಕೊಂಡ ಬಗೆ

ತೋಟದ ಮಳೆ ಲೆಕ್ಕವನ್ನು ಅಪ್ಪ ಇಂಚು-ಸೆಂಟಲ್ಲಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ನೋಟ್‌ಬುಕ್ಕಿಗೆ ಬರೆದಿಟ್ಟಿದ್ದರು. ಅದನ್ನು ಮಿಲಿಮೀಟರಿಗೆ ತಿರುಗಿಸಿ (ಇಂಚಿಗೆ 25.4) ತಿಂಗಳವಾರು ಕೂಡಿಸಲು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತು ಸಾಲು ಬರೆದೆ. ಅದಕ್ಕಿಂತ ಪಾಂಡಾಸ್ ಮಾಡ್ಯೂಲ್ (ಪಟ್ಟಿಗಳ ಲೆಕ್ಕ ಮಾಡಿಕೊಡುವ ಸಿದ್ಧ ಕೋಡು) ಹಾಕಿಕೊಳ್ಳಲು ಹಿಡಿದ ಹೊತ್ತೇ ಜಾಸ್ತಿ. ನನ್ನದು ವಿಂಡೋಸ್ ಲ್ಯಾಪ್‌ಟಾಪ್.

ಮಾಡ್ಯೂಲುಗಳನ್ನು ಇಳಿಸಿ ಹಾಕಿಕೊಡುವುದು ಪಿಪ್ ಅನ್ನುವ ಸಲಕರಣೆ. ಅದಕ್ಕೆ ಕಮಾಂಡ್ ಪ್ರಾಂಪ್ಟಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಹೇಳಬೇಕು. ಮೊದಲ ಪೇಚಾಟ ಇದು: 'ಪಿಪ್ ಇನ್‌ಸ್ಟಾಲ್ ಪಾಂಡಾಸ್' ಅಂದರೆ 'ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್' ಅನ್ನುತ್ತೆ, ಪ್ರೋಗ್ರಾಂ ಓಡಿಸಿದರೆ ಅಂಥ ಮಾಡ್ಯೂಲೇ ಇಲ್ಲ ಅನ್ನುತ್ತೆ. ಹೀಗಾದಾಗ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾ ಕೂರಬೇಡಿ, ನಾನು ಕೂತಿದ್ದೆ. ಬಹಳ ಸಲ ಮೆಷಿನ್ನಲ್ಲಿ ಎರಡು ಪೈಥಾನ್ ಇರುತ್ತವೆ. ಪಿಪ್ ಒಂದರ ಎಲೆಗೆ ಬಡಿಸಿರುತ್ತೆ, ಊಟಕ್ಕೆ ಕೂತಿದ್ದು ಇನ್ನೊಂದು. 'ಪೈ -0ಪಿ' (ಇಂಗ್ಲಿಷಲ್ಲಿ py -0p; ಸೊನ್ನೆ, ಓ ಅಲ್ಲ) ಹೊಡೆಯಿರಿ, ಯಾವ ಪೈಥಾನ್ ಯಾವ ಫೋಲ್ಡರಲ್ಲಿದೆ ಅಂತ ಕಾಣುತ್ತೆ. ಬೇಕಾದ್ದನ್ನು ಹೆಸರು ಹಿಡಿದು ಕರೆಯಿರಿ, ನನ್ನದು 3.12: 'ಪೈ -3.12 -ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್'. ಪ್ರೋಗ್ರಾಂ ಓಡಿಸುವುದೂ 'ಪೈ -3.12' ಇಂದಲೇ.

'ವಿಷುಯಲ್ ಸಿ++ 14.0 (ಕೋಡ್ ಕಟ್ಟುವ ಮೈಕ್ರೋಸಾಫ್ಟ್ ಸಲಕರಣೆ) ಬೇಕು' ಅಂತ ಕೆಂಪಕ್ಷರ ಬಂದರೆ ಹೆದರಿ ಜಿಬಿಗಟ್ಟಲೆ ಇಳಿಸಿಕೊಳ್ಳಬೇಡಿ. ನಿಮ್ಮ ಪೈಥಾನಿಗೆ ಸಿದ್ಧ ಪ್ಯಾಕೇಜು (ವೀಲ್ ಅನ್ನುತ್ತಾರೆ) ಸಿಗದೆ ಪಿಪ್ ಮೂಲ ಕೋಡಿನಿಂದ ಕಟ್ಟಲು ಹೊರಟಿದೆ, ಅಷ್ಟೆ. ಹೊಸ ಪೈಥಾನ್ ವರ್ಷಕ್ಕೊಂದು, ಅಕ್ಟೋಬರಲ್ಲಿ ಬರುತ್ತೆ. ಮಾಡ್ಯೂಲುಗಳು ಅದರ ಹಿಂದೆ ಏದುಸಿರು ಬಿಡುತ್ತಾ ಬರುತ್ತವೆ. ಒಂದು ವರ್ಷ ಹಳೆಯದನ್ನು ಹಾಕಿಕೊಂಡರೆ ಬಹಳ ಸಲ ಅಲ್ಲಿಗೇ ಮುಗಿಯುತ್ತೆ.

ಇನ್ನು ನೆಟ್. ಜುಲೈಯಲ್ಲಿ ಇಲ್ಲಿ ಕರೆಂಟೇ ಅಪರೂಪದ ನೆಂಟ. ಅರ್ಧ ಇಳಿದು 'ಟೈಮ್ಡ್ ಔಟ್' ಆಗುತ್ತಿತ್ತು. ಬ್ರೌಸರಿಂದ ಪಾಂಡಾಸ್ ಫೈಲೊಂದನ್ನೇ ಇಳಿಸಿ ತಂದರೆ ಸಾಲದು, ಅದಕ್ಕೆ ನಂಪೈ (ಅಂಕಿ ಲೆಕ್ಕದ ಮಾಡ್ಯೂಲ್) ಮುಂತಾದ ಬಳಗವೂ ಬೇಕು. ಮೂಡಿಗೆರೆಯಲ್ಲಿ ಗೆಳೆಯನ ಮೆಷಿನ್ನಿಗೆ ಪೆನ್‌ಡ್ರೈವ್ ಹಾಕಿ 'ಪಿಪ್ ಡೌನ್‌ಲೋಡ್ ಪಾಂಡಾಸ್ -ಡಿ' ಅಂತ ಬರೆದು ಮುಂದೆ ಫೋಲ್ಡರ್ ಹೆಸರು ಕೊಟ್ಟೆ. ಬಳಗವೆಲ್ಲ ಒಟ್ಟಿಗೆ ಇಳಿಯಿತು. ಮನೆಯಲ್ಲಿ 'ಪೈ -3.12 -ಎಂ ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್', ಆ ಫೋಲ್ಡರ್, ಕೊನೆಗೆ ಪಾಂಡಾಸ್.

ಆದರೂ 'ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಷನ್' ಅಂತು. ಗೆಳೆಯನದು ಪೈಥಾನ್ 3.11, ಫೈಲ್ ಹೆಸರಲ್ಲಿ 'ಸಿಪಿ311' ಅಂತಲೇ ಇದೆ. ನನಗೆ ಬೇಕಿದ್ದದ್ದು 'ಸಿಪಿ312'. ಎರಡನೇ ಸಲ ಹೋದಾಗ ಅದನ್ನು ಓದಿ ನೋಡಿಯೇ ಪೆನ್‌ಡ್ರೈವ್ ಜೇಬಿಗಿಳಿಸಿದೆ.